ಏಳು ಗಾಜು, ಒಂದು ಬೆರಳು

ಹೋದ ತಿಂಗಳು ಮೂವರು ಹುಡುಗಿಯರು ನನ್ನನ್ನು ನೋಡಲು ಬಂದಿದ್ದರು. ಮೂವರೂ ಆಗಷ್ಟೇ ಪ್ರಯೋಗಾಲಯದ ಕೆಲಸಕ್ಕೆ ಸೇರಿದವರು. ಈಗ ಮಲೇರಿಯಾ ಪತ್ತೆಗೆ ಒಂದು ಹನಿ ರಕ್ತ, ಒಂದು ಪುಟ್ಟ ಪಟ್ಟಿ, ಕಾಲು ಗಂಟೆ ಸಾಕಂತೆ. ಅವರಲ್ಲೊಬ್ಬಳು ಕೇಳಿದಳು: "ಮೇಡಂ, ನಿಮ್ಮ ಕಾಲದಲ್ಲಿ ಒಂದು ಸ್ಲೈಡ್ ನೋಡೋಕೆ ಎಷ್ಟು ಹೊತ್ತು ಹಿಡೀತಿತ್ತು?"

"ಆ ದಿನ ನಾನು ಎಷ್ಟು ಸಂತೋಷವಾಗಿದ್ದೆ ಅನ್ನೋದರ ಮೇಲೆ ಹೋಗ್ತಿತ್ತು" ಎಂದೆ.

ಮೂವರೂ ನಕ್ಕರು. ನಾನು ತಮಾಷೆ ಮಾಡಿರಲಿಲ್ಲ. ಅವರು ಹೋದ ಮೇಲೆ, ಇದನ್ನು ಬಾಯಲ್ಲಿ ಹೇಳಿದರೆ ಆಗುವುದಿಲ್ಲ, ಬರೆದೇ ಕೊಡಬೇಕು ಅನ್ನಿಸಿತು. ಬಡ್ತಿ, ವರ್ಗಾವಣೆ, ಬೀಳ್ಕೊಡುಗೆಯ ಹಾರ ಯಾವುದನ್ನೂ ಇಲ್ಲಿ ಬರೆಯುವುದಿಲ್ಲ. ಅವು ಸೇವಾ ಪುಸ್ತಕದಲ್ಲಿವೆ.

ಮೊದಲು ಕೆಲಸ ಏನೆಂದು ಹೇಳುತ್ತೇನೆ. ಎಪ್ಪತ್ತರ ದಶಕದ ನಡುವೆ, ಹೋಗಿಯೇ ಬಿಟ್ಟಿತು ಎಂದುಕೊಂಡಿದ್ದ ಮಲೇರಿಯಾ ನಮ್ಮ ಕಡೆ ಮತ್ತೆ ತಲೆಯೆತ್ತಿತ್ತು. ಹಳ್ಳಿಯಿಂದ ಹಳ್ಳಿಗೆ ಸೈಕಲ್ ಮೇಲೆ ಹೋಗುವ ಕಾರ್ಯಕರ್ತರು ಜ್ವರ ಬಂದವರ ಬೆರಳು ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ, ಹೆಸರು ಬರೆದು ತರುತ್ತಿದ್ದರು. ನಾವು ಅದನ್ನು ಗಾಜು ಎಂದೇ ಕರೆಯುತ್ತಿದ್ದೆವು. ಆ ಗಾಜಿಗೆ ಬಣ್ಣ ಹಾಕಿ ತೊಳೆದು, ಸೂಕ್ಷ್ಮದರ್ಶಕದ ಕೆಳಗಿಟ್ಟು, ಒಂದೊಂದೇ ಜಾಗ ಸರಿಸುತ್ತಾ ನೂರು ಕಡೆ ನೋಡಬೇಕು. ಆ ಒಂದೊಂದು ದುಂಡನೆಯ ನೋಟಕ್ಕೆ ಕ್ಷೇತ್ರವೆಂದು ಹೆಸರು. ನೂರು ಕ್ಷೇತ್ರ ನೋಡಿ ಏನೂ ಸಿಗದಿದ್ದರೆ ಮಾತ್ರ 'ಇಲ್ಲ' ಎಂದು ಬರೆಯಬೇಕು. ತೊಂಬತ್ತೊಂಬತ್ತು ನೋಡಿ ಬರೆದರೆ ಯಾರಿಗೂ ಗೊತ್ತಾಗುವುದಿಲ್ಲ. ಈ ಕೆಲಸದ ಕಷ್ಟವೆಲ್ಲ ಆ ಒಂದು ವಾಕ್ಯದಲ್ಲಿದೆ.

ಪ್ರಾಣಿಶಾಸ್ತ್ರದ ಪದವಿ ಮುಗಿಸಿ ನಾನು ಕೆಲಸಕ್ಕೆ ಸೇರಿದ್ದು ಚನ್ನಗಿರಿಯಲ್ಲಿ. ಒಂದು ಬಾಡಿಗೆ ಮನೆಯ ಮುಂಗೋಣೆಯೇ ಪ್ರಯೋಗಾಲಯ. ಸೂಕ್ಷ್ಮದರ್ಶಕಕ್ಕೆ ದೀಪವಿರಲಿಲ್ಲ. ಬುಡದಲ್ಲಿದ್ದ ಕನ್ನಡಿಯನ್ನು ಉತ್ತರದ ಕಿಟಕಿಗೆ ತಿರುಗಿಸಿ ಆಕಾಶದ ಬೆಳಕನ್ನು ಹಿಡಿಯಬೇಕಿತ್ತು. ಮೋಡ ಬಂದರೆ ಕೆಲಸ ನಿಲ್ಲುತ್ತಿತ್ತು.

ಅಲ್ಲಿ ನನಗೆ ಕಲಿಸಿದವರು ಹನುಮಂತಪ್ಪನವರು. ನಿವೃತ್ತಿಗೆ ಎರಡು ವರ್ಷವಿದ್ದ ಹಿರಿಯ ತಂತ್ರಜ್ಞರು. ಅವರ ಮನೆಯವರು ಬುದ್ಧನ ದಾರಿ ಹಿಡಿದಿದ್ದರು. ಮೇಜಿನ ಮೇಲೆ ಬಣ್ಣದ ಬಾಟಲಿಗಳ ನಡುವೆ ಹೆಬ್ಬೆರಳಿನಷ್ಟು ದೊಡ್ಡ ಮಣ್ಣಿನ ಬುದ್ಧನೊಬ್ಬ ಕೂತಿರುತ್ತಿದ್ದ. "ಹೆಸರು ಹನುಮಂತಪ್ಪ, ಮೇಜಿನ ಮ್ಯಾಲೆ ಬುದ್ಧ. ಇಬ್ಬರೂ ಹೆಂಗೆ ಹೊಂದ್ಕಂಡಾರೆ ಅಂತ ಕೇಳ್ತಾರೆ ಜನ. ಜಗಳ ಆಡಿದ್ದು ನಾನಂತೂ ಕೇಳಿಲ್ಲ" ಎನ್ನುತ್ತಿದ್ದರು.

ಪ್ರತಿ ಗಾಜು ಇಟ್ಟಾಗಲೂ ಅವರು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟು ಕಣ್ಣು ಮುಚ್ಚಿ ಹತ್ತು ಉಸಿರು ಎಣಿಸುತ್ತಿದ್ದರು. ಆಮೇಲೆಯೇ ಕಣ್ಣನ್ನು ಮಸೂರಕ್ಕೆ ತರುತ್ತಿದ್ದರು. ಮೊದಲ ವಾರ ನನಗೆ ನಗು ಬರುತ್ತಿತ್ತು.

"ಇದ್ಯಾಕೆ ಸರ್?" ಎಂದು ಕೇಳಿದೆ.

"ಕಣ್ಣು ನೋಡಲ್ಲ ತಂಗೀ, ಮನಸ್ಸು ನೋಡ್ತೈತೆ. ಮನೇಲಿ ಜಗಳ ಆಡಿ ಬಂದ ದಿನ ಎಲ್ಲಾ ಗಾಜಲ್ಲೂ ರೋಗ ಕಾಣ್ತೈತೆ. ಮಗಳ ಮದುವೆ ಗೊತ್ತಾದ ದಿನ ಒಂದ್ರಾಗೂ ಕಾಣಲ್ಲ. ಗಾಜು ಅದೇ ಐತೆ, ನೋಡು."

ಇನ್ನೊಂದು ವಿಚಿತ್ರವನ್ನು ಗಮನಿಸಿದೆ. ನಮ್ಮ ಕೆಲಸದಲ್ಲಿ ರೋಗಾಣು ಸಿಕ್ಕಾಗ ಸಂತೋಷವಾಗುತ್ತದೆ. ಇದನ್ನು ಯಾರೂ ಒಪ್ಪಿಕೊಳ್ಳುವುದಿಲ್ಲ, ಆದರೆ ಆಗುತ್ತದೆ. ಮೂರು ದಿನ ಬರಿಯ ಖಾಲಿ ಗಾಜು ನೋಡಿದವರಿಗೆ ನಾಲ್ಕನೆಯ ದಿನ ಕೆಂಪು ಕಣದೊಳಗೆ ನೀಲಿ ಉಂಗುರ ಕಂಡರೆ ಮೈ ಜುಮ್ಮೆನ್ನುತ್ತದೆ. ಮೊದಲ ಸಲ ನನಗೆ ಕಂಡಾಗ "ಸಿಕ್ತು ಸರ್!" ಎಂದು ಕೂಗಿಯೇಬಿಟ್ಟಿದ್ದೆ. ಹನುಮಂತಪ್ಪನವರು ಎದ್ದು ಬಂದು ನೋಡಿ, ಗಾಜಿನ ಮೇಲಿದ್ದ ಹೆಸರನ್ನು ಜೋರಾಗಿ ಓದಿದರು. "ಇವನು ಈಗ ಕೌದಿ ಹೊದ್ದು ನಡುಗ್ತಾ ಕುಂತಾನೆ. ಅವನ ಹೆಸರು ಮೊದ್ಲು ಓದು, ಆಮ್ಯಾಲೆ ಕೂಗು" ಎಂದರು. ಮತ್ತೆ ನಾನು ಕೂಗಲಿಲ್ಲ.

ಆದರೂ ತಪ್ಪು ಮಾಡಿದೆ.

ಒಂದು ದಿನ ಬೆಳಿಗ್ಗೆ ನನಗೊಂದು ಪತ್ರ ಬಂತು. ಅದರಲ್ಲೇನಿತ್ತು ಎಂದು ಇಲ್ಲಿ ಬರೆಯುವುದಿಲ್ಲ. ಬಹಳ ಸಂತೋಷದ ಪತ್ರ ಎಂದಷ್ಟೇ ಹೇಳಿದರೆ ಸಾಕು. ಅಂದು ಮಧ್ಯಾಹ್ನ ಮೂರಕ್ಕೆಲ್ಲ ನನ್ನ ಪಾಲಿನ ಗಾಜುಗಳು ಮುಗಿದಿದ್ದವು. ಎಲ್ಲದರ ಮುಂದೆಯೂ 'ಇಲ್ಲ' ಎಂದು ಮುದ್ದಾದ ಅಕ್ಷರದಲ್ಲಿ ಬರೆದಿದ್ದೆ. ಹನುಮಂತಪ್ಪನವರು ಒಂದು ತಿಂಗಳ ರಜೆಯಲ್ಲಿದ್ದರು. ಹತ್ತು ಉಸಿರನ್ನು ಅಂದು ನಾನು ಒಮ್ಮೆಯೂ ಎಣಿಸಲಿಲ್ಲ.

ನಾವು 'ಇಲ್ಲ' ಎಂದ ಗಾಜುಗಳಲ್ಲಿ ಕೆಲವನ್ನು ಮೇಲಿನ ಪ್ರಯೋಗಾಲಯದಲ್ಲಿ ಮರುಪರೀಕ್ಷೆ ಮಾಡುವ ಪದ್ಧತಿಯಿತ್ತು. ಮೂರು ವಾರದ ನಂತರ ಅಲ್ಲಿಂದ ಒಂದು ಸಾಲಿನ ಟಿಪ್ಪಣಿ ಬಂತು. ಸೂಳೆಕೆರೆ ಅಂಚಿನ ಊರಿನ ಹಾಲವ್ವ ಎಂಬ ಹೆಂಗಸಿನ ಗಾಜಿನಲ್ಲಿ ರೋಗಾಣು ಇತ್ತು. ಬೇಕಾದಷ್ಟಿತ್ತು. ಹತ್ತನೆಯ ಕ್ಷೇತ್ರದಲ್ಲೇ ಕಾಣುವಷ್ಟಿತ್ತು.

ನಾನೇ ಮಾತ್ರೆ ತೆಗೆದುಕೊಂಡು ಹೋದೆ. ಕೆರೆಯ ದಂಡೆಯ ಮೇಲೆ ಒಣಹಾಕಿದ ಬಲೆಗಳ ನಡುವೆ ಹಾಲವ್ವ ಕಂಬಳಿ ಹೊದ್ದು ಕೂತಿದ್ದಳು. ಮೂರು ವಾರದ ಚಳಿಜ್ವರಕ್ಕೆ ಎದೆಹಾಲು ಬತ್ತಿಹೋಗಿ, ಕೂಸನ್ನು ನಲ್ಲೂರಿನ ಅಕ್ಕನ ಮನೆಯಲ್ಲಿ ಬಿಟ್ಟಿದ್ದಳು. ತಪ್ಪು ನನ್ನದೆಂದು ಹೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನೋಡಿದಾಕಿ ನೀನೇ ಏನವ್ವ? ಹೋಗ್ಲಿ ಬಿಡು. ಅವತ್ತು ನಿಂಗೂ ಏನೋ ಯೋಚನೆ ಇದ್ದಿರಬೇಕು."

ಬೈದಿದ್ದರೆ ಮರೆಯುತ್ತಿದ್ದೆನೇನೋ. ಹಾಲವ್ವ ಚೇತರಿಸಿಕೊಂಡಳು, ಕೂಸು ಮನೆಗೆ ಬಂತು. ಅದು ಅವಳ ಗಟ್ಟಿತನ, ನನ್ನ ಸಾಧನೆಯಲ್ಲ. ಆ ಪತ್ರದ ಸಂತೋಷ ನಾಲ್ಕು ತಿಂಗಳು ಬಾಳಿ ಮುಗಿಯಿತು. ಹಾಲವ್ವನ ಮಾತು ಈಗಲೂ ಇದೆ.

ರಜೆಯಿಂದ ಬಂದ ಹನುಮಂತಪ್ಪನವರು ಎಲ್ಲವನ್ನೂ ಕೇಳಿ ಒಂದೇ ನಿಯಮ ಹಾಕಿಕೊಟ್ಟರು. "ಖುಷಿಯಾಗಿದ್ದಾಗ ಓದಿದ್ದನ್ನ ಮಾರನೇ ದಿನ ಬೆಳಿಗ್ಗೆ ಇನ್ನೊಂದು ಸಲ ಓದು. ಖುಷಿಗೆ ಆಯುಸ್ಸು ಕಮ್ಮಿ. ಬೆಳಿಗ್ಗೆ ಹೊತ್ತಿಗೆ ಇಳಿದಿರ್ತೈತೆ." ನಿವೃತ್ತಿಯ ದಿನ ಆ ಮಣ್ಣಿನ ಬುದ್ಧನನ್ನು ನನ್ನ ಮೇಜಿಗೆ ಸರಿಸಿ ಹೋದರು.

ಅಲ್ಲಿಂದ ಹೊನ್ನಾಳಿಗೆ ಹೋದೆ. ಹೊನ್ನಾಳಿಯ ಮಲೇರಿಯಾ ಇನ್ಸ್‌ಪೆಕ್ಟರು ಒಳ್ಳೆಯ ಮನುಷ್ಯ, ಆದರೆ ಅವರಿಗೆ ಸೊನ್ನೆಯ ಹುಚ್ಚು. ತಿಂಗಳ ವರದಿಯಲ್ಲಿ ರೋಗಿಗಳ ಸಂಖ್ಯೆ ಸೊನ್ನೆಯಾಗಬೇಕು, ಅದೊಂದೇ ಅವರ ಆಸೆ. ಒಂದು ತಿಂಗಳ ಕೊನೆಯ ದಿನ ಮಧ್ಯಾಹ್ನದವರೆಗೂ ಸೊನ್ನೆ ಉಳಿಯಿತು. ಅವರು ತಡೆಯಲಾರದೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿ, ಪೇಪರ್ ಹಾಸಿ ಎಲ್ಲರನ್ನೂ ಕೂರಿಸಿ ಭಾಷಣವನ್ನೂ ಶುರು ಮಾಡಿದರು. ಸಾಯಂಕಾಲ ನಾಲ್ಕೂವರೆಗೆ ಕೊನೆಯ ಗಾಜಿನಲ್ಲಿ ನನಗೆ ಉಂಗುರ ಕಂಡಿತು.

"ಸರ್, ಒಂದು ಇದೆ" ಎಂದೆ.

ಅವರ ಕೈಯಲ್ಲಿದ್ದ ಬಜ್ಜಿ ಹಾಗೆಯೇ ನಿಂತಿತು. "ಇವತ್ತು ಬ್ಯಾಡ ಕಣಮ್ಮಾ. ನಾಳೆ ನೋಡಿದೆ ಅಂತ ಬರಿ. ಒಂದು ರಾತ್ರೀಲಿ ಏನಾಗ್ತೈತೆ?"

"ಸೊನ್ನೆಗೇನೂ ಆಗಲ್ಲ ಸರ್, ಜ್ವರ ಬಂದವನಿಗೆ ಆಗುತ್ತೆ."

ಬಜ್ಜಿಯನ್ನು ಪೇಪರಿನ ಮೇಲಿಟ್ಟರು. "ಹಾಳಾದ್ದು, ಬಜ್ಜಿ ಮುಗಿಯೋವರೆಗಾದ್ರೂ ತಡೀಬಾರ್ದಿತ್ತಾ ಅದು" ಎಂದು ಬೈದು, ಸೈಕಲ್ ಹತ್ತಿ ತಾವೇ ಆ ಊರಿಗೆ ಮಾತ್ರೆ ಒಯ್ದರು. ಅವರ ಮೇಲೆ ನನಗಿದ್ದ ಗೌರವ ಅಂದಿನದು. ಸಂತೋಷ ಕೈಬಿಟ್ಟಾಗ ಅವರು ಮುನಿಸಿಕೊಂಡು ಕೂರಲಿಲ್ಲ, ಎದ್ದು ಹೋದರು.

ನ್ಯಾಮತಿಯಲ್ಲಿದ್ದಾಗ ದೀಪವಿರುವ ಸೂಕ್ಷ್ಮದರ್ಶಕ ಬಂತು. ಎರಡು ಕಣ್ಣಲ್ಲೂ ನೋಡಬಹುದಿತ್ತು. ಮೋಡದ ಭಯ ತಪ್ಪಿತು, ಕರೆಂಟಿನ ಭಯ ಬಂತು. ಅಲ್ಲಿ ನನ್ನ ಮನೆಯ ಒಡತಿಯಾಗಿದ್ದ ಅಜ್ಜಿಗೆ ನಾನು ಮೂವತ್ತು ದಾಟಿಯೂ ಒಂಟಿಯಾಗಿರುವುದೇ ದೊಡ್ಡ ಚಿಂತೆ.

"ದಿನಾ ಆ ದುರ್ಬೀನ್ನಾಗೆ ಏನೇನೋ ಹುಡುಕ್ತೀಯಂತಲ್ಲವ್ವಾ, ಒಂದು ಗಂಡು ಸಿಗಲಿಲ್ಲೇನು?"

"ಸಿಕ್ಕಿದರೆ ರೋಗ ಇದೆ ಅಂತ ಬರೆದು ಡಾಕ್ಟರಿಗೆ ಕಳಿಸಬೇಕಾಗುತ್ತೆ ಅಜ್ಜಿ."

"ಕಳಿಸು ಮತ್ತೆ! ಐದು ದಿನ ಮಾತ್ರೆ ನುಂಗಿಸಿದ್ರೆ ಎಂಥಾ ಗಂಡೂ ಸರಿ ಹೋಗ್ತಾನೆ" ಎಂದು ಅಜ್ಜಿ ಗೆದ್ದಳು. ಅವಳೊಂದಿಗೆ ಮಾತಿನಲ್ಲಿ ನಾನೆಂದೂ ಗೆದ್ದಿಲ್ಲ.

ಎಂಬತ್ತರ ದಶಕದಲ್ಲಿ ಜಗಳೂರಿಗೆ ವರ್ಗವಾಯಿತು. ನಾನು ಹೇಳಬೇಕೆಂದಿರುವುದು ಅಲ್ಲಿಯದು.

ಜಗಳೂರು ಒಣ ನಾಡು, ಸೊಳ್ಳೆ ಕಡಿಮೆ. ಮಳೆಗಾಲದಲ್ಲಿ ನಾಲೆಯ ಕಡೆ ಕೂಲಿಗೆ ಹೋಗಿ ಬಂದವನೊಬ್ಬನಿಗೆ ಜ್ವರ ಕಾಣಿಸಿ, ಅವನ ಗಾಜಿನಲ್ಲಿ ರೋಗಾಣು ಸಿಕ್ಕಿತು. ನಿಯಮದಂತೆ ಅವನ ಹಟ್ಟಿಯಲ್ಲಿ ಜ್ವರವಿರಲಿ ಇಲ್ಲದಿರಲಿ, ಎಲ್ಲರ ರಕ್ತವನ್ನೂ ತೆಗೆಯಬೇಕಿತ್ತು. ಕಾರ್ಯಕರ್ತ ಕೊಟ್ರೇಶಿ ಎರಡು ದಿನ ತಿರುಗಿ ಗಾಜುಗಳ ಪೆಟ್ಟಿಗೆಯನ್ನೇ ತಂದ. ಎಲ್ಲ ಮನೆಗಳ ಗಾಜೂ ಖಾಲಿ. ಹಟ್ಟಿಯ ಕೊನೆಯ ಮನೆ ಕಾಳವ್ವ ಎಂಬವಳದು. ಆ ಮನೆಯ ಏಳು ಜನರ ಏಳು ಗಾಜು ಮೇಜಿಗೆ ಬಂದವು.

ಮೊದಲನೆಯದರಲ್ಲಿ ರೋಗಾಣು ಇತ್ತು. ಎರಡನೆಯದರಲ್ಲೂ ಇತ್ತು. ಏಳರಲ್ಲೂ ಇತ್ತು. ಅದೂ ಜೀವ ತೆಗೆಯುವ ಜಾತಿಯದು. ಉಂಗುರಗಳ ನಡುವೆ ಅರ್ಧಚಂದ್ರದಂಥ ಆಕಾರಗಳೂ ಇದ್ದವು. ಅರ್ಧಚಂದ್ರ ಕಂಡಿತೆಂದರೆ ಜ್ವರ ಶುರುವಾಗಿ ಹತ್ತು ದಿನಕ್ಕೂ ಹೆಚ್ಚಾಗಿದೆ ಎಂದರ್ಥ.

ಡಾಕ್ಟರು ಆಗಷ್ಟೇ ಬಂದಿದ್ದ ಯುವಕ, ಚುರುಕು. ಓಡಿ ಬಂದು ನೋಡಿದರು. "ಒಂದೇ ಮನೇಲಿ ಏಳು! ಮೇಡಂ, ಇದು ಜಿಲ್ಲೆಗೇ ದೊಡ್ಡ ಸುದ್ದಿ. ನಾಳೆ ತಂತಿ ಕೊಡ್ತೀನಿ. ಪತ್ತೆ ಮಾಡಿದ್ದು ನೀವು ಅಂತ ನಿಮ್ಮ ಹೆಸರೂ ಹಾಕ್ತೀನಿ."

ನನಗೆ ಸಂತೋಷವಾಯಿತು. ಯಾಕೆ ಸುಳ್ಳು ಹೇಳಲಿ? ಇಷ್ಟು ವರ್ಷ ಯಾರೂ ನೋಡದ ಕಿಟಕಿಯ ಪಕ್ಕದಲ್ಲಿ ಕೂತವಳ ಹೆಸರು ತಂತಿಯಲ್ಲಿ ಹೋಗುತ್ತದೆ. ಅಂದು ಸಂಜೆ ಬಸ್ ನಿಲ್ದಾಣದ ಹತ್ತಿರ ಒಬ್ಬಳೇ ನಿಂತು ಒಗ್ಗರಣೆ ಮಂಡಕ್ಕಿ ಕೊಂಡು ತಿಂದೆ. ನಾನು ಹಾಗೆ ಬೀದಿಯಲ್ಲಿ ನಿಂತು ತಿನ್ನುವವಳಲ್ಲ.

ಮನೆಗೆ ನಡೆಯುವಾಗ ಹನುಮಂತಪ್ಪನವರ ನಿಯಮ ನೆನಪಾಯಿತು. ಖುಷಿಯಾಗಿದ್ದಾಗ ಓದಿದ್ದು.

ಮಾರನೆಯ ದಿನ ಕಚೇರಿಯ ಹೊತ್ತಿಗೆ ಮೊದಲೇ ಬೀಗ ತೆಗೆದೆ. ಏಳು ಗಾಜನ್ನೂ ಸಾಲಾಗಿ ಇಟ್ಟೆ. ಕೈಗಳನ್ನು ತೊಡೆಯ ಮೇಲಿಟ್ಟು ಹತ್ತು ಉಸಿರು ಎಣಿಸಿದೆ. ನಿನ್ನೆ ನಾನು ರೋಗಾಣುವನ್ನು ಮಾತ್ರ ನೋಡಿದ್ದೆ. ಇಂದು ರಕ್ತವನ್ನು ನೋಡಿದೆ.

ಕೆಂಪು ಕಣಗಳ ನಡುವೆ ಅಲ್ಲೊಂದು ಇಲ್ಲೊಂದು ಬಿಳಿ ಕಣ ಇರುತ್ತದೆ. ಅವುಗಳಲ್ಲಿ ಬೇರೆ ಬೇರೆ ಬಗೆಗಳಿವೆ. ಯಾವ ಬಗೆ ಎಷ್ಟು ಎನ್ನುವುದು ಒಬ್ಬೊಬ್ಬರಲ್ಲಿ ಒಂದೊಂದು ರೀತಿ. ಈ ಏಳು ಗಾಜಿನಲ್ಲೂ ಕಿತ್ತಳೆ ಕಾಳು ತುಂಬಿದಂಥ ಕಣಗಳು ಹೆಚ್ಚಾಗಿದ್ದವು, ಏಳರಲ್ಲೂ ಒಂದೇ ಪ್ರಮಾಣದಲ್ಲಿ. ಏಳನೆಯ ಗಾಜು ಒಂದು ವರ್ಷದ ಮಗುವಿನದೆಂದು ಕೊಟ್ರೇಶಿ ಬರೆದುಕೊಟ್ಟ ಹೆಸರುಗಳ ಪಟ್ಟಿ ಹೇಳುತ್ತಿತ್ತು. ಮಗುವಿನ ರಕ್ತದಲ್ಲಿ ದುಂಡನೆಯ ದೊಡ್ಡ ನಡುವುಳ್ಳ ಸಣ್ಣ ಬಿಳಿ ಕಣಗಳು ಹೆಚ್ಚಿರಬೇಕು. ಬೆಳೆದವರಲ್ಲಿ ಅವು ಕಡಿಮೆ. ಈ ಮಗುವಿನ ಗಾಜಿನಲ್ಲಿದ್ದದ್ದು ಬೆಳೆದವರ ರಕ್ತ.

ಏಳು ಗಾಜು. ಒಬ್ಬರ ರಕ್ತ.

ಡಾಕ್ಟರು ತಂತಿಯ ಒಕ್ಕಣೆ ಬರೆದು ಮುಗಿಸಿದ್ದರು. ನಾನು ಹೇಳಿದ್ದನ್ನು ಕೇಳಿ ಅವರ ಮುಖ ಇಳಿಯಿತು. ಆದರೆ ಅವರು ಬುದ್ಧಿವಂತರು.

"ಸರಿ, ಏಳರಲ್ಲಿ ಒಬ್ಬರದೇ ರಕ್ತ ಅಂತಾನೇ ಇಟ್ಟುಕೊಳ್ಳಿ. ಏಳೂ ಜನಕ್ಕೆ ಔಷಧ ಕೊಟ್ಟರೆ ಆ ಒಬ್ಬರಿಗೂ ಸಿಕ್ಕ ಹಾಗಾಯ್ತಲ್ಲ?"

"ಅದರಲ್ಲೊಂದು ಮಾತ್ರೆ ಕೂಸಿಗೆ ಕೂಡದು ಸರ್. ಒಂದು ಸಲ ಹೋಗಿ ನೋಡಿ ಬರ್ತೀನಿ" ಎಂದೆ.

"ಎರಡು ಗಂಟೆಯವರೆಗೆ ಕಾಯ್ತೀನಿ. ಆಮೇಲೆ ತಂತಿ ಹೋಗುತ್ತೆ. ನಿಮ್ಮ ಹೆಸರು ಬೇಡ ಅಂದರೆ ಬಿಡ್ತೀನಿ."

ಬಸ್ಸಿನಲ್ಲಿ ಅರ್ಧ ದಾರಿ, ಉಳಿದದ್ದು ನಡಿಗೆ. ಬಸ್ ಇಳಿಯುವ ಕಡೆ, ಅಂದಿನ ಸುತ್ತಿಗೆ ಹೊರಟಿದ್ದ ಕೊಟ್ರೇಶಿ ಸೈಕಲ್ ಹಿಡಿದು ನಿಂತಿದ್ದ. ಏಳು ಗಾಜಿನ ಮಾತೆತ್ತಿದಾಗ ಅವನು ಮೊದಲು ದೇವರ ಮೇಲೆ ಆಣೆ ಹಾಕಿದ. "ಏಳು ಜನಾನೂ ನನ್ನ ಕಣ್ಣಾರೆ ನೋಡೀನ್ರೀ ಮೇಡಂ, ಸುಳ್ಳು ಹೇಳಿದ್ರೆ ನನ್ನ ಸೈಕಲ್ ಪಂಚರ್ ಆಗ್ಲಿ!"

"ನೋಡಿದ್ದಲ್ಲ ಕೊಟ್ರೇಶಿ. ಚುಚ್ಚಿದ್ದು ಯಾರ ಬೆರಳು?"

ಅವನು ಸೈಕಲ್ಲನ್ನು ಹಟ್ಟಿಯ ಕಡೆ ತಿರುಗಿಸಿ ತಳ್ಳಿದ. ಆಮೇಲೆ ಹೇಳಿದ: "ಒಂದೇ ಚುಚ್ಚು, ಏಳು ಗಾಜು ರೀ. ಆ ಮುದುಕಿ ಬ್ಯಾರೇರನ್ನ ಮುಟ್ಟಾಕೇ ಬಿಡಲಿಲ್ಲ. ಒಂದು ಹುಡುಗೀನ ಮುಂದಕ್ಕೆ ತಳ್ಳಿದಳು, ಆ ಹುಡುಗಿ ಕೈ ಚಾಚಿತು. ಏಳು ಸಲ ಚುಚ್ಚಾಕೆ ನಂಗೆ ಪಾಪ ಅನ್ನಿಸ್ತು."

ಕಾಳವ್ವನ ಅಂಗಳದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಗಡ್ಡಗಳು. ಯಜಮಾನ, ಮೂವರು ಗಂಡುಮಕ್ಕಳು, ನಾಲ್ವರಿಗೂ ಎದೆಯವರೆಗೆ ಗಡ್ಡ. ಹಿರಿಯ ಸೊಸೆ ಹಿಟ್ಟು ಬೀಸುತ್ತಿದ್ದಳು. ಒಂದು ವರ್ಷದ ಮಗು ಕೋಳಿಯ ಹಿಂದೆ ತೆವಳುತ್ತಿತ್ತು. ಪಟ್ಟಿ ಹಿಡಿದು ಒಬ್ಬೊಬ್ಬರ ಹಣೆಯ ಮೇಲೂ ಕೈಯ ಹಿಂಬದಿ ಇಟ್ಟೆ. ಏಳೂ ಹಣೆ ತಣ್ಣಗಿದ್ದವು.

"ನಿಮ್ಮ ರಕ್ತ ಯಾಕೆ ಕೊಡಲಿಲ್ಲ?" ಎಂದು ಕಾಳವ್ವನನ್ನು ಕೇಳಿದೆ.

"ಕೊಡಾಕೆ ಬರಂಗಿಲ್ಲವ್ವ. ಬಿತ್ತಿದ ಮ್ಯಾಲೆ ಸುಗ್ಗಿ ಆಗೋವರ್ಗೂ ನಮ್ಮನೆತನದ ನೆತ್ತರು ನೆಲಕ್ಕೆ ಬೀಳಬಾರ್ದು. ಹಿರೇರ ಹರಕೆ. ಗಂಡಸ್ರು ಗಡ್ಡಾನೇ ಕೆರೆಸಂಗಿಲ್ಲ, ಎಲ್ಲಿ ಕತ್ತಿ ತಾಗಿಬಿಡ್ತೈತೋ ಅಂತ. ಇನ್ನು ನಿನ್ನ ಸೂಜಿಗೆ ಬೆರಳು ಕೊಡ್ತೀವೇನು?"

"ಹಾಗಾದರೆ ಏಳು ಗಾಜಿನ ಮೇಲಿದ್ದ ರಕ್ತ ಯಾರದು?"

"ಸಣ್ಣ ಸೊಸೇದು. ಆಕೀದು ನಮ್ಮನೆ ನೆತ್ತರಲ್ಲ. ಕುಬುಸ ಆಗೋವರ್ಗೂ ಸೊಸಿ ತವರಿನ ಮಗಳೇ. ಆಕಿ ಕೊಟ್ರೆ ಹರಕೆಗೇನೂ ಆಗಂಗಿಲ್ಲ."

ಪಟ್ಟಿಯನ್ನು ಮತ್ತೆ ನೋಡಿದೆ. ಯಜಮಾನ, ಕಾಳವ್ವ, ಮೂವರು ಮಕ್ಕಳು, ಹಿರಿಯ ಸೊಸೆ, ಮಗು. ಸಣ್ಣ ಸೊಸೆಯ ಹೆಸರು ಅದರಲ್ಲಿರಲಿಲ್ಲ. ಕುಬುಸವೆಂದರೆ ಚೊಚ್ಚಲ ಬಸುರಿಗೆ ಏಳನೆಯ ತಿಂಗಳಲ್ಲಿ ಮಾಡುವ ಶಾಸ್ತ್ರ. ಅದಾಗುವವರೆಗೆ ಆ ಮನೆಯವರು ಜನರನ್ನು ಎಣಿಸುವಾಗ ಅವಳನ್ನು ಎಣಿಸುತ್ತಿರಲಿಲ್ಲ. ಡಾಕ್ಟರ ಪ್ರಶ್ನೆಗೆ ಉತ್ತರ ಇಲ್ಲಿತ್ತು. ಆ ತಂತಿ ಹೋಗಿದ್ದರೆ ರೋಗವಿಲ್ಲದ ಏಳು ಜನರಿಗೆ ಮಾತ್ರೆ ಬರುತ್ತಿತ್ತು. ರೋಗವಿದ್ದವಳೊಬ್ಬಳಿಗೆ ಬರುತ್ತಿರಲಿಲ್ಲ.

"ಎಲ್ಲಿದ್ದಾಳೆ ಅವಳು?"

"ಹಿತ್ತಲಾಗೆ. ಆಷಾಢಕ್ಕೆ ತವರಿಗೆ ಹೋಗಿ ಬಂದಾಗಿಂದ ಕಂಬಳಿ ಬಿಡವಲ್ಲಳು. ಬರೇ ಮೈಗಳ್ಳಿ."

ಹಿತ್ತಲಿನ ಬಿಸಿಲಿನಲ್ಲಿ, ಕಲ್ಲಿಗೆ ಒರಗಿ, ಕರಿಯ ಕಂಬಳಿಯೊಳಗೆ ಒಬ್ಬ ಹುಡುಗಿ ನಡುಗುತ್ತಿದ್ದಳು. ಹೆಸರು ಗಿರಿಜಾ. ಹತ್ತೊಂಬತ್ತಿರಬಹುದು. ಹಣೆ ಮುಟ್ಟಿದರೆ ಕೈ ಸುಡುತ್ತಿತ್ತು. ತುಟಿ ಬಿಳಿಚಿತ್ತು. ಎಡಗೈಯ ಉಂಗುರದ ಬೆರಳ ತುದಿಯಲ್ಲಿ ಕೊಟ್ರೇಶಿಯ ಚುಚ್ಚಿನ ಕಪ್ಪು ಚುಕ್ಕೆ ಇನ್ನೂ ಇತ್ತು.

"ತವರು ಯಾವ ಕಡೆ?"

"ಸೂಳೆಕೆರೆ ಕಡೆ ರೀ."

ಸೂಳೆಕೆರೆ ಎಂದೊಡನೆ ನನಗೆ ಬಲೆಗಳ ನಡುವೆ ಕೂತ ಹಾಲವ್ವ ಕಂಡಳು. ಹತ್ತು ವರ್ಷದಿಂದ ಆ ಕೆರೆಯ ದಂಡೆಗೆ ಒಂದು ಗಾಜನ್ನು ಸರಿಯಾಗಿ ಓದಿಕೊಡುವುದು ನನ್ನಿಂದ ಬಾಕಿಯಿತ್ತು.

ಗಿರಿಜಾ ನನ್ನ ಸೆರಗು ಹಿಡಿದು ಹತ್ತಿರಕ್ಕೆ ಎಳೆದಳು. "ಮೂರು ತಿಂಗಳಾಗೈತ್ರೀ. ಯಾರಿಗೂ ಹೇಳಿಲ್ಲ. ಈ ಚಳಿಯಾಗೆ ಇದು ನಿಲ್ತೈತೋ ಇಲ್ಲೋ. ಹೇಳಿ ಆಮ್ಯಾಲೆ ಹೋತು ಅಂದ್ರೆ ನನ್ನ ವಾಪಸ್ ಕಳಿಸ್ತಾರೆ."

ಈ ಜಾತಿಯ ಮಲೇರಿಯಾ ಬಸುರಿಯರನ್ನು ಬಿಡುವುದಿಲ್ಲ. ತಾಯಿ, ಕೂಸು, ಎರಡೂ ಹೋಗಬಹುದು. ಹತ್ತು ದಿನ ಆಗಲೇ ಕಳೆದಿತ್ತು. ನಾನು ಅಂಗಳಕ್ಕೆ ಬಂದು ಕಾಳವ್ವನ ಎದುರು ನಿಂತೆ. ಭಯವಾಗಲಿ ಸಿಟ್ಟಾಗಲಿ ಇರಲಿಲ್ಲ. ಒಳಗೆ ಉತ್ತರದ ಕಿಟಕಿಯ ಬೆಳಕಿನ ಹಾಗೆ ಏನೋ ಸಮವಾಗಿ ಬೀಳುತ್ತಿತ್ತು. ಬಸುರಿನ ಗುಟ್ಟು ನನ್ನದಲ್ಲ. ಅದನ್ನು ಹೇಳದೆ ಅವಳನ್ನು ಕರೆದೊಯ್ಯಬೇಕಿತ್ತು.

"ಕಾಳವ್ವ, ನಿಮ್ಮ ಏಳು ಜನರ ಹೆಸರಲ್ಲಿ ಆಕೆ ರಕ್ತ ಕೊಟ್ಟಳು. ಈಗ ನಿಮ್ಮ ಹರಕೆ ಉಳಿದಿರೋದು ಆಕೆಯ ಬೆರಳಿನ ಮೇಲೆ. ಆಕೆಗೆ ಏನಾದರೂ ಆದರೆ ಆ ಏಳು ಹನಿ ಯಾರ ಲೆಕ್ಕಕ್ಕೆ?"

ಅಲ್ಲಿಯವರೆಗೆ ಹಗ್ಗ ಹೊಸೆಯುತ್ತಾ ಕೂತಿದ್ದ ಯಜಮಾನ ತಲೆಯೆತ್ತಿದ. "ಗಾಡಿ ಹೂಡ್ರಲೇ" ಎಂದು ಮಕ್ಕಳಿಗೆ ಹೇಳಿದ.

ಎತ್ತಿನ ಗಾಡಿ ರಸ್ತೆಗೆ ಬಂದು, ಅಲ್ಲಿ ಸಿಕ್ಕ ಲಾರಿಯಲ್ಲಿ ಜಗಳೂರು ಮುಟ್ಟಿದಾಗ ಎರಡಕ್ಕೆ ಹತ್ತು ನಿಮಿಷವಿತ್ತು. ಡಾಕ್ಟರು ಗಿರಿಜಾಳ ಮುಖ ನೋಡಿದರು, ನನ್ನ ಮುಖ ನೋಡಿದರು. ತಂತಿಯ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡು ಅಂಗಿಯ ತೋಳು ಮೇಲಕ್ಕೇರಿಸಿದರು. ಗಿರಿಜಾಳನ್ನು ಕೇಳಿ, ಬಸುರಿನ ವಿಷಯವನ್ನು ಅವರೊಬ್ಬರ ಕಿವಿಗೆ ಹಾಕಿದೆ. ಬಸುರಿಗೆ ಕೂಡುವ ಔಷಧ ಯಾವುದು, ಕೂಡದ್ದು ಯಾವುದು ಎಂದು ನಾನು ನೆನಪಿಸಬೇಕಾಗಿ ಬರಲಿಲ್ಲ. ಮೂರು ದಿನ ಅವರು ಸರಿಯಾಗಿ ಊಟಕ್ಕೂ ಹೋಗಲಿಲ್ಲ.

ನಾಲ್ಕನೆಯ ಬೆಳಿಗ್ಗೆ ಗಿರಿಜಾ ಕಣ್ಣು ಬಿಟ್ಟು, "ಮಜ್ಜಿಗೆ ಬ್ಯಾಡ್ರೀ. ರೊಟ್ಟಿ, ಕೆಂಪು ಖಾರ ಇದ್ರೆ ಕೊಡ್ರಿ" ಎಂದಳು. ಡಾಕ್ಟರು ಹೊರಗೆ ಹೋಗಿ ಗೋಡೆಗೆ ಒರಗಿ ನಕ್ಕರು. "ಏಳು ರೋಗಿ ಕಳಕೊಂಡು ಒಂದು ರೋಗಿ ಸಂಪಾದಿಸಿದೆ ಮೇಡಂ. ಜಿಲ್ಲೆಗೆ ಸುದ್ದೀನೇ ಇಲ್ಲ" ಎಂದರು. ಆ ತಿಂಗಳ ವರದಿಯಲ್ಲಿ ಆ ಮನೆಯಿಂದ ಒಂದೇ ಹೆಸರು ಹೋಯಿತು. ಅದನ್ನು ಬರೆಯುವ ಭಾಗ್ಯ ನನ್ನದಾಗಿತ್ತು.

ಕೊಟ್ರೇಶಿಗೆ ಶಿಕ್ಷೆಯಾಗಲಿಲ್ಲ. ಆ ಹಟ್ಟಿಯ ಎಲ್ಲ ಮನೆಗೂ ಮತ್ತೆ ಹೋಗಿ, ಒಂದೊಂದು ಗಾಜಿಗೂ ಬೇರೆ ಬೇರೆ ಬೆರಳು ಚುಚ್ಚಿ ತಾ ಎಂದೆ. ಕಾಳವ್ವನ ಮನೆಯೊಂದು ಬಿಟ್ಟು ಎಲ್ಲವನ್ನೂ ತಂದ. ಹೋದ ದಾರಿಯಲ್ಲಿ ಅವನ ಸೈಕಲ್ ಎರಡು ಸಲ ಪಂಚರ್ ಆಯಿತಂತೆ. "ದೇವ್ರು ಕೇಳಿಸ್ಕಂಡುಬಿಟ್ಟಾನ್ರೀ" ಎಂದು ತಾನೇ ಬಂದು ವರದಿ ಒಪ್ಪಿಸಿದ.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ನಮ್ಮ ಕಚೇರಿಯ ಮುಂದೆ ಎತ್ತಿನ ಗಾಡಿ ನಿಂತಿತು. ಮೊದಲು ಇಳಿದವರನ್ನು ನಾನು ಗುರುತಿಸಲಿಲ್ಲ, ನುಣ್ಣಗೆ ಕ್ಷೌರ ಮಾಡಿಸಿಕೊಂಡ ನಾಲ್ವರು ಗಂಡಸರು. ಹಿಂದೆ ಕಾಳವ್ವ, ಹಿರಿಯ ಸೊಸೆ, ಈಗ ನಡೆಯುತ್ತಿದ್ದ ಮಗು. ಕೊನೆಗೆ ಕೆಂಪು ಬಟ್ಟೆಯಲ್ಲಿ ಸುತ್ತಿದ ಪುಟ್ಟ ಗಂಟೊಂದನ್ನು ಎದೆಗೊತ್ತಿಕೊಂಡು ಗಿರಿಜಾ. ಹೆರಿಗೆಗೆ ಅವಳನ್ನು ತವರಿಗೆ ಕಳಿಸಿರಲಿಲ್ಲ. "ಆ ಕೆರೆ ಸೊಳ್ಳೆ ಸಹವಾಸ ಬ್ಯಾಡ" ಎಂದು ಕಾಳವ್ವ ಬೀಗತಿಯನ್ನೇ ಜಗಳೂರಿನ ಕಡೆ ಕರೆಸಿಕೊಂಡಿದ್ದಳಂತೆ.

ಕಾಳವ್ವ ನನ್ನ ಮೇಜಿನ ಮುಂದೆ ನಿಂತು ಸೊಂಟಕ್ಕೆ ಕೈಯಿಟ್ಟಳು.

"ಸುಗ್ಗಿ ಮುಗೀತು. ಹರಕೆ ತೀರ್ತು. ಈಗ ಬರ್ಕೋ ತಾಯಿ, ನಮ್ಮನೆಯಾಗೆ ಎಷ್ಟು ಜನ ಅಂತ. ಒಂಬತ್ತು. ಒಂಬತ್ತು ಬೆರಳು ತಂದೀನಿ. ಚುಚ್ಕೋ."

ಜ್ವರವಿಲ್ಲದವರ ರಕ್ತ ತೆಗೆಯುವ ಅಗತ್ಯ ಅಂದು ಇರಲಿಲ್ಲ. ಆದರೂ ತೆಗೆದೆ. ಒಬ್ಬೊಬ್ಬರ ಹೆಸರನ್ನೂ ಕೇಳಿ ಬರೆದೆ. ಯಜಮಾನ ಸೂಜಿ ಕಂಡು ಕಣ್ಣು ಮುಚ್ಚಿದ. "ಸೊಸಿ ಏಳು ಜನದ್ದು ಕೊಟ್ಟಾಳೆ, ನಿಂದೊಂದು ಕೊಡಾಕೆ ಏನಾಗೇತಿ ನಿಂಗೆ?" ಎಂದು ಕಾಳವ್ವ ಗದರಿದಳು. ಎಂಟನೆಯ ಗಾಜಿನ ಮೇಲೆ ಗಿರಿಜಾಳ ಹೆಸರು ಬರೆದೆ. ಒಂಬತ್ತನೆಯ ಹನಿಯನ್ನು ಕೂಸಿನ ಹಿಮ್ಮಡಿಯಿಂದ ತೆಗೆದೆ. ಅದು ಇಡೀ ಕಚೇರಿ ಕೇಳುವಂತೆ ಚೀರಿತು.

ಅವರು 'ಈಗಲೇ ನೋಡಿ ಹೇಳು' ಎಂದು ಹೊರಗಿನ ಬೇವಿನ ಮರದ ಕೆಳಗೆ ಕೂತರು. ಗಾಜುಗಳು ಒಣಗಿದ ಮೇಲೆ ಬಣ್ಣ ಹಾಕಿ ತೊಳೆದೆ. ನನಗೆ ಎಷ್ಟು ಸಂತೋಷವಾಗಿತ್ತೆಂದರೆ, ಹಾಗೆಯೇ ನೋಡಿದ್ದರೆ ಏನೂ ಕಾಣುತ್ತಿರಲಿಲ್ಲ. ಅದನ್ನು ಓಡಿಸಲು ಹೋಗಲಿಲ್ಲ. ಕೈಗಳನ್ನು ತೊಡೆಯ ಮೇಲಿಟ್ಟು, ಮಣ್ಣಿನ ಬುದ್ಧನ ಪಕ್ಕದಲ್ಲಿ ಕೂತೆ. ಸಂತೋಷ ಬಂದ ದಾರಿಯಲ್ಲೇ ನಿಧಾನವಾಗಿ ಇಳಿದುಹೋಯಿತು. ಅದು ಹೋದ ಮೇಲೆ ಒಳಗೆ ಉಳಿದ ಆ ಸಮನಾದ ಬೆಳಕು ಎಲ್ಲಿಗೂ ಹೋಗಲಿಲ್ಲ. ಪ್ರತಿ ಗಾಜಿಗೂ ಹತ್ತು ಉಸಿರು, ಪ್ರತಿ ಗಾಜಿಗೂ ನೂರು ಕ್ಷೇತ್ರ.

ಎಂಟು ಗಾಜು ಎಂಟು ರಕ್ತ. ಒಂದರಂತೆ ಇನ್ನೊಂದಿಲ್ಲ. ಒಂದರಲ್ಲೂ ರೋಗವಿಲ್ಲ.

ಒಂಬತ್ತನೆಯದನ್ನು ಕೊನೆಗಿಟ್ಟುಕೊಂಡಿದ್ದೆ. ಒಂದು, ಎರಡು, ಮೂರು ಎಂದು ಎಣಿಸುತ್ತಾ ಹೋದೆ. ದುಂಡನೆಯ ದೊಡ್ಡ ನಡುವಿನ ಆ ಸಣ್ಣ ಬಿಳಿ ಕಣಗಳು ಎಲ್ಲ ಕಡೆ ಇದ್ದವು. ಕೂಸಿನ ರಕ್ತ ಕೂಸಿನ ರಕ್ತದಂತೆಯೇ ಇತ್ತು. ತೊಂಬತ್ತೊಂಬತ್ತನೆಯ ಕ್ಷೇತ್ರದಲ್ಲಿ ಹೊರಗಿನಿಂದ ಕಾಳವ್ವನ ಧ್ವನಿ ಕೇಳಿಸಿತು: "ಏನಾತವ್ವಾ?"

"ಇನ್ನೂ ಒಂದಿದೆ, ತಾಳಿ" ಎಂದು, ನೂರನೆಯದಕ್ಕೆ ಗಾಜು ಸರಿಸಿದೆ.